ಕರುಳಿಗೆ ರಕ್ತ ಸಾಲದಿದ್ದಾಗ: ಯಾವ ಆಸ್ಪತ್ರೆ, ಯಾವ ಸ್ಕ್ಯಾನ್, ಸ್ಟೆಂಟೋ ಬೈಪಾಸೋ

ಹೊಟ್ಟೆ ನೋವು ಅಂದರೆ ಬೆಂಗಳೂರಿನಲ್ಲಿ ರೋಗ ಯಾವುದೆಂಬ ತೀರ್ಮಾನ ಮೆಡಿಕಲ್ ಶಾಪಿನ ಕೌಂಟರಿನಲ್ಲೇ ಆಗಿಬಿಡುತ್ತದೆ: ಗ್ಯಾಸ್ಟ್ರಿಕ್. ಒಂದು ಸ್ಟ್ರಿಪ್ ಪ್ಯಾಂಟೊಪ್ರಜೋಲ್, ಮನೆಗೆ ಬಂದ ಮೇಲೆ ಒಂದು ಲೋಟ ಜೀರಿಗೆ ಕಷಾಯ. ಬಹುತೇಕ ಸಲ ಅಷ್ಟೇ ಸಾಕಾಗುತ್ತದೆ, ಆದ್ದರಿಂದಲೇ ಸಾಲದೇ ಹೋಗುವ ಆ ಅಪರೂಪದ ಸಲ ಯಾರಿಗೂ ಅನುಮಾನ ಬರುವುದಿಲ್ಲ. ಕರುಳಿಗೆ ರಕ್ತ ಒಯ್ಯುವ ನಾಳ ಮುಚ್ಚಿಕೊಂಡರೆ ಅದಕ್ಕೆ ಮೀಸೆಂಟೆರಿಕ್ ಇಸ್ಕೀಮಿಯಾ ಎನ್ನುತ್ತಾರೆ. ಕಾಯಿಲೆ ಅಪರೂಪದ್ದು. ಆದರೆ ದಿಢೀರನೆ ಬಂದರೆ ಅರ್ಧಕ್ಕಿಂತ ಹೆಚ್ಚು ರೋಗಿಗಳು ಉಳಿಯುವುದಿಲ್ಲ. ಉಳಿಯುವವರು ಯಾರು ಎಂಬುದು ಬಹುಮಟ್ಟಿಗೆ ಮೊದಲ ಕೆಲವು ಗಂಟೆಗಳಲ್ಲಿ ಮಾಡಿದ ಆಯ್ಕೆಗಳ ಮೇಲೆ ನಿಂತಿದೆ. ರೋಗಿಯ ಮನೆಯವರು ಆ ಹೊತ್ತಿನಲ್ಲಿ, ಮತ್ತು ಆಮೇಲೆ ನಿಧಾನವಾಗಿ, ಏನನ್ನು ಯಾವುದರ ಎದುರು ತೂಗಬೇಕು ಎಂಬುದು ಇಲ್ಲಿದೆ.

ಮೊದಲು ಯಾವ ಬಗೆ ಎಂದು ತಿಳಿಯಬೇಕು

ಮಹಾಪಧಮನಿಯಿಂದ ಹೊಟ್ಟೆಯ ಅಂಗಗಳಿಗೆ ಮೂರು ದೊಡ್ಡ ಕವಲುಗಳು ಹೊರಡುತ್ತವೆ. ಮೇಲಿನದು ಸೀಲಿಯಾಕ್: ಜಠರ, ಯಕೃತ್ತು, ಗುಲ್ಮಕ್ಕೆ. ನಡುವಿನದು ಸುಪೀರಿಯರ್ ಮೀಸೆಂಟೆರಿಕ್. ಸ್ಕ್ಯಾನ್ ರಿಪೋರ್ಟುಗಳಲ್ಲಿ ಇದನ್ನು ಎಸ್‌ಎಂಎ ಎಂದು ಬರೆಯುತ್ತಾರೆ. ಸಣ್ಣ ಕರುಳು ಹೆಚ್ಚುಕಡಿಮೆ ಪೂರ್ತಿ ಇದನ್ನೇ ನಂಬಿದೆ, ದೊಡ್ಡ ಕರುಳಿನ ಬಲಭಾಗ ಕೂಡ. ಕೆಳಗಿನ ಚಿಕ್ಕ ಕವಲು ದೊಡ್ಡ ಕರುಳಿನ ಎಡಭಾಗಕ್ಕೆ. ವಿಶ್ರಾಂತಿಯಲ್ಲಿದ್ದಾಗಲೂ ಹೃದಯ ಹೊರಹಾಕುವ ರಕ್ತದ ಸುಮಾರು ಐದನೇ ಒಂದು ಭಾಗ ಈ ಮೂರರ ದಾರಿ ಹಿಡಿಯುತ್ತದೆ, ಊಟವಾದ ಮೇಲೆ ಇನ್ನೂ ಹೆಚ್ಚು. ಮೂರೂ ಒಂದಕ್ಕೊಂದು ಒಳದಾರಿಗಳಿಂದ ಕೂಡಿಕೊಂಡಿರುವುದರಿಂದ ಒಂದು ನಿಧಾನವಾಗಿ ಕಿರಿದಾದರೆ ಉಳಿದವು ಸಾಗಿಸಿಕೊಳ್ಳುತ್ತವೆ. ದಿಢೀರನೆ ಮುಚ್ಚಿದರೆ ಒಳದಾರಿ ಅಗಲವಾಗಲು ಸಮಯವೇ ಇರುವುದಿಲ್ಲ. ಒಂದೇ ನಾಳದ ಕಾಯಿಲೆ ಒಬ್ಬರಿಗೆ ವರ್ಷಗಟ್ಟಲೆ ಕಾಟ ಕೊಟ್ಟು ಇನ್ನೊಬ್ಬರನ್ನು ಒಂದೇ ದಿನದಲ್ಲಿ ಮುಗಿಸುವುದು ಹೀಗೆ.

ದಿಢೀರ್ ಬಗೆಯಲ್ಲಿ ಹೆಚ್ಚು ಕಾಣುವುದು ಹೃದಯದಿಂದ ಹಾರಿ ಬಂದ ಹೆಪ್ಪು. ಎಸ್‌ಎಂಎ ಮಹಾಪಧಮನಿಯಿಂದ ಕೆಳಮುಖವಾಗಿ, ಕಿರಿದಾದ ಕೋನದಲ್ಲಿ ಹೊರಡುತ್ತದೆ. ರಕ್ತದ ಜೊತೆ ಬಂದ ಹೆಪ್ಪು ನೇರವಾಗಿ ಅದರೊಳಕ್ಕೆ ಇಳಿಯುತ್ತದೆ. ಏಟ್ರಿಯಲ್ ಫಿಬ್ರಿಲೇಷನ್ ಇರುವವರು, ಅಂದರೆ ನಾಡಿ ಮುಟ್ಟಿ ನೋಡಿದರೆ ಯಾವ ಲೆಕ್ಕಕ್ಕೂ ಸಿಗದಂತೆ ಹೊಡೆದುಕೊಳ್ಳುವವರು, ಇತ್ತೀಚೆಗೆ ಹೃದಯಾಘಾತವಾದವರು, ಕೃತಕ ಕವಾಟ ಹಾಕಿಸಿಕೊಂಡವರು ಇಲ್ಲಿ ಮುಂದಿರುತ್ತಾರೆ. ಪಾಶ್ಚಾತ್ಯ ಪಠ್ಯಪುಸ್ತಕಗಳು ಇದನ್ನು ಮುದುಕರ ಕಾಯಿಲೆ ಎನ್ನುತ್ತವೆ. ನಮ್ಮಲ್ಲಿ ಚಿಕ್ಕಂದಿನ ರುಮ್ಯಾಟಿಕ್ ಜ್ವರದಿಂದ ಮೈಟ್ರಲ್ ಕವಾಟ ಕಿರಿದಾದವರು ಇನ್ನೂ ಇದ್ದಾರೆ. ಅವರಲ್ಲಿ ನಲವತ್ತರ ಆಸುಪಾಸಿನಲ್ಲೇ ಹೀಗಾಗಬಹುದು. ವಯಸ್ಸು ಚಿಕ್ಕದು ಎಂಬ ಕಾರಣಕ್ಕೆ ಅನುಮಾನ ಕೈಬಿಡಬಾರದು.

ಎರಡನೆಯದು ಕೊಬ್ಬಿನಿಂದ ಮೊದಲೇ ಕಿರಿದಾಗಿದ್ದ ನಾಳ ಪೂರ್ತಿ ಕಟ್ಟಿಕೊಳ್ಳುವುದು. ಇವರನ್ನು ಕೇಳಿದರೆ ತಿಂಗಳುಗಟ್ಟಲೆ ಹಿಂದಿನಿಂದ ಊಟದ ನಂತರ ನೋವು ಬರುತ್ತಿತ್ತು ಎನ್ನುತ್ತಾರೆ. ಮೂರನೆಯದರಲ್ಲಿ ಅಡ್ಡಿಯೇ ಇರುವುದಿಲ್ಲ, ನಾಳಗಳು ಬಿಗಿಹಿಡಿದುಕೊಂಡಿರುತ್ತವೆ: ಐಸಿಯುನಲ್ಲಿ ರಕ್ತದೊತ್ತಡ ಏರಿಸುವ ಔಷಧಿ ಮೇಲಿರುವವರು, ಡಯಾಲಿಸಿಸ್ ವೇಳೆ ಬಿಪಿ ಇಳಿಯುವವರು, ಹೃದಯ ಸೋತವರು. ನಾಲ್ಕನೆಯದು ಅಭಿಧಮನಿಯ ಹೆಪ್ಪು, ಅಂದರೆ ರಕ್ತ ಬರುತ್ತದೆ, ವಾಪಸು ಹೋಗುವ ದಾರಿ ಮುಚ್ಚಿದೆ. ಇದು ಬೇರೆಯವಕ್ಕಿಂತ ಕಡಿಮೆ ವಯಸ್ಸಿನವರಲ್ಲಿ ಬರುತ್ತದೆ, ನೋವು ಒಂದೆರಡು ವಾರದಲ್ಲಿ ಮೆಲ್ಲಗೆ ಏರುತ್ತದೆ. ಲಿವರ್ ಸಿರೋಸಿಸ್, ಪ್ಯಾಂಕ್ರಿಯಾಸ್ ಉರಿಯೂತ, ಗರ್ಭನಿರೋಧಕ ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಪ್ರೋಟೀನ್ ಸಿ ಅಥವಾ ಎಸ್ ಕೊರತೆ, ರಕ್ತಕಣಗಳು ಅತಿಯಾಗಿ ಹುಟ್ಟುವ ಕಾಯಿಲೆ, ಇವು ಸಾಮಾನ್ಯ ಕಾರಣಗಳು.

ದೀರ್ಘಕಾಲದ ಬಗೆಯ ಲಕ್ಷಣ ಬೇರೆ. ಊಟವಾದ 15ರಿಂದ 30 ನಿಮಿಷಕ್ಕೆ ಹೊಕ್ಕುಳ ಸುತ್ತ ಹಿಂಡಿದಂಥ ನೋವು, ಒಂದರಿಂದ ಮೂರು ಗಂಟೆ ಇದ್ದು ಇಳಿಯುತ್ತದೆ. ಎರಡು ಮುದ್ದೆ ಉಣ್ಣುತ್ತಿದ್ದವರು ಒಂದಕ್ಕೆ, ಅರ್ಧಕ್ಕೆ ಇಳಿಯುತ್ತಾರೆ. ಹಸಿವಿರುತ್ತದೆ, ಉಣ್ಣಲು ಹೆದರಿಕೆ. ಕೆಲವು ತಿಂಗಳಲ್ಲಿ ಹತ್ತು ಕೆಜಿ ಇಳಿದರೆ ಮನೆಯವರಿಗೆ ಮೊದಲು ಹೊಳೆಯುವುದು ಕ್ಯಾನ್ಸರ್. ಎಂಡೋಸ್ಕೋಪಿ, ಕೊಲೊನೋಸ್ಕೋಪಿ ಎರಡೂ ಆಗುತ್ತವೆ. ತೂಕ ಇಳಿದವರಿಗೆ ಅವು ಬೇಕಾದ ಪರೀಕ್ಷೆಗಳೇ. ಎರಡೂ ನಾರ್ಮಲ್ ಬಂದಾಗ ‘ಏನೂ ಇಲ್ಲ, ಟೆನ್ಷನ್’ ಎಂದು ಫೈಲು ಮುಚ್ಚುವುದು ಮಾತ್ರ ತಪ್ಪು. ಬೀಡಿ, ಸಿಗರೇಟು, ಸಕ್ಕರೆ ಕಾಯಿಲೆ, ಹಿಂದೆ ಹೃದಯಕ್ಕೋ ಕಾಲಿಗೋ ಸ್ಟೆಂಟ್ ಹಾಕಿಸಿಕೊಂಡ ಇತಿಹಾಸ ಇದ್ದರೆ ಅಲ್ಲಿಂದ ಮುಂದಿನ ಹೆಜ್ಜೆ ಕರುಳಿನ ನಾಳಗಳ ಡಾಪ್ಲರ್, ಅಂದರೆ ರಕ್ತ ಹರಿಯುವ ವೇಗ ಅಳೆಯುವ ಅಲ್ಟ್ರಾಸೌಂಡ್.

ಗ್ಯಾಸ್ಟ್ರಿಕ್ ಅಲ್ಲ ಎನ್ನುವುದಕ್ಕೆ ಗುರುತು

ನೋವು ಸಹಿಸಲಾಗದಷ್ಟು, ಹೊಟ್ಟೆ ಮುಟ್ಟಿ ನೋಡಿದರೆ ಮೆತ್ತಗೆ. ರೋಗಿ ಹಾಸಿಗೆಯಲ್ಲಿ ಹೊರಳಾಡುತ್ತಿರುತ್ತಾರೆ, ಡ್ಯೂಟಿ ಡಾಕ್ಟರು ಹೊಟ್ಟೆ ಒತ್ತಿದರೆ ಅಂಥದ್ದೇನೂ ಕಾಣುವುದಿಲ್ಲ. ಈ ಹೊಂದಾಣಿಕೆಯಾಗದಿರುವಿಕೆಯೇ ಆರಂಭದ ಅತಿ ಮುಖ್ಯ ಲಕ್ಷಣ. ಜೊತೆಗೆ ನೋವು ಶುರುವಾದ ಸ್ವಲ್ಪ ಹೊತ್ತಿಗೇ ವಾಂತಿಯೋ ಭೇದಿಯೋ ಆಗಿ, ನಾಡಿಯೂ ತಾಳ ತಪ್ಪಿದ್ದರೆ, ಬೇರೇನೆಂದು ಸಾಬೀತಾಗುವವರೆಗೆ ಕರುಳಿನ ನಾಳದ್ದೇ ತೊಂದರೆ ಎಂದುಕೊಳ್ಳಬೇಕು. ಭೇದಿ ಆಗುತ್ತಿರುವುದರಿಂದ ಹೊರಗೆ ತಿಂದದ್ದರ ಫುಡ್ ಪಾಯಿಸನ್ ಎಂದು ಡ್ರಿಪ್ ಹಾಕಿ ಮನೆಗೆ ಕಳಿಸುವುದು ಅಲ್ಲಲ್ಲಿ ನಡೆಯುತ್ತದೆ.

ಇನ್ನೂ ಮೋಸದ ಘಟ್ಟ ಒಂದಿದೆ. ಕೆಲವು ಗಂಟೆ ಕಳೆದ ಮೇಲೆ ನೋವು ತುಸು ಇಳಿದಂತೆ ಅನ್ನಿಸಬಹುದು. ಇಂಜೆಕ್ಷನ್ ಕೆಲಸ ಮಾಡಿತು ಎಂದುಕೊಳ್ಳುತ್ತಾರೆ, ಆದರೆ ಕರುಳಿನ ಗೋಡೆ ಸಾಯತೊಡಗಿದರೂ ನೋವು ಹೀಗೇ ಮಂಕಾಗುತ್ತದೆ. ಆಮೇಲೆ ಹೊಟ್ಟೆ ಉಬ್ಬಿ ಹಲಗೆಯಂತೆ ಗಟ್ಟಿಯಾಗುವುದು, ಮಲದಲ್ಲಿ ರಕ್ತ, ಬಿಪಿ ಕುಸಿತ. ಮಲದಲ್ಲಿ ರಕ್ತ ಕಂಡ ಮೇಲೆ ಹೊರಟರೆ ತಡವಾಗಿರುತ್ತದೆ.

ಎಡ ಹೊಟ್ಟೆಯಲ್ಲಿ ಮಿತವಾದ ನೋವು, ಒಂದು ದಿನದೊಳಗೆ ಮಲದಲ್ಲಿ ಕೆಂಪು ರಕ್ತ, ಉಳಿದಂತೆ ರೋಗಿ ಹುಷಾರಾಗಿರುವುದು ಬೇರೆ ಚಿತ್ರ: ಇಸ್ಕೀಮಿಕ್ ಕೊಲೈಟಿಸ್. ದೊಡ್ಡ ಕರುಳಿನ ಎಡ ತಿರುವಿನಲ್ಲಿ ಎರಡು ನಾಳಗಳ ಗಡಿ ಕೂಡುವ ಕಡೆ ರಕ್ತ ಮೊದಲೇ ತೆಳ್ಳಗೆ ಹರಿಯುತ್ತದೆ, ಏಟು ಅಲ್ಲಿ ಬೀಳುತ್ತದೆ. ಇದರಲ್ಲಿ ಹೆಚ್ಚಿನವರು ಡ್ರಿಪ್, ಕರುಳಿಗೆ ವಿಶ್ರಾಂತಿ, ಬೇಕಿದ್ದರೆ ಆಂಟಿಬಯೋಟಿಕ್‌ನಲ್ಲೇ ಗುಣವಾಗುತ್ತಾರೆ. ಹಾಗೆಂದು ಮನೆಯಲ್ಲೇ ಕಾಯುವಂಥದ್ದಲ್ಲ.

ಹತ್ತಿರದ ಆಸ್ಪತ್ರೆಯೋ, ಹೆಸರುವಾಸಿ ಆಸ್ಪತ್ರೆಯೋ

ನಾಳ ಪೂರ್ತಿ ಮುಚ್ಚಿದರೆ ಸುಮಾರು ಆರು ಗಂಟೆಯಲ್ಲಿ ಕರುಳಿನ ಗೋಡೆ ವಾಪಸಾಗದಷ್ಟು ಹಾಳಾಗುತ್ತದೆ. ಸಂಜೆ ಏಳಕ್ಕೆ ಯಲಹಂಕದಿಂದ ಬನ್ನೇರುಘಟ್ಟ ರಸ್ತೆಯ ಆಸ್ಪತ್ರೆಗೆ ಹೊರಟರೆ ಅದರಲ್ಲಿ ಎಷ್ಟು ಹೆಬ್ಬಾಳದಲ್ಲೇ ಕಳೆದುಹೋಗುತ್ತದೆ ಎಂಬುದನ್ನು ಇಲ್ಲಿನವರಿಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮ ಸಲಹೆ: ಹೆಸರು ನೋಡಬೇಡಿ, 24 ಗಂಟೆ ಸಿಟಿ ಸ್ಕ್ಯಾನ್ ಇರುವ ಅತಿ ಹತ್ತಿರದ ಆಸ್ಪತ್ರೆಗೆ ಹೋಗಿ. ಅಲ್ಲಿ ಎರಡು ಕೆಲಸ ಆಗಲಿ, ಸಿಟಿ ಆಂಜಿಯೋಗ್ರಾಮ್ (ಡೈ ಬಿಟ್ಟು ನಾಳಗಳನ್ನು ತೋರಿಸುವ ಸ್ಕ್ಯಾನ್) ಮತ್ತು ಹೆಪಾರಿನ್ (ಹೆಪ್ಪು ಬೆಳೆಯದಂತೆ ತಡೆಯುವ ಇಂಜೆಕ್ಷನ್). ನಾಳದ ಕೆಲಸ ಅಲ್ಲಿ ಆಗದಿದ್ದರೆ ಸ್ಕ್ಯಾನಿನ ಸಿಡಿ ಕೈಯಲ್ಲಿ ಹಿಡಿದು ಹೊರಡಬಹುದು. ಸ್ಕ್ಯಾನ್ ಇಲ್ಲದ ನರ್ಸಿಂಗ್ ಹೋಮಿನಲ್ಲಿ ಬೆಳಗಿನವರೆಗೆ ‘ಅಬ್ಸರ್ವೇಷನ್’ ಎಂದು ಮಲಗಿಸುವುದು ಎಲ್ಲಕ್ಕಿಂತ ಕೆಟ್ಟ ಆಯ್ಕೆ. ನೋವು ನಿವಾರಕ ಕೊಟ್ಟರೆ ಕಾಯಿಲೆ ಮುಚ್ಚಿಹೋಗುತ್ತದೆ ಎಂಬ ಹಳೆಯ ಹೆದರಿಕೆ ಬೇಡ. ನೋವಿಗೆ ಔಷಧಿ ಕೊಡಲಿ, ಸ್ಕ್ಯಾನನ್ನು ಮುಂದೂಡದಿರಲಿ.

ಎರಡನೇ ಆಸ್ಪತ್ರೆ ಆರಿಸುವಾಗ ಕ್ಯಾಶುಯಲ್ಟಿಗೆ ಫೋನು ಮಾಡಿ ಮೂರನ್ನು ಕೇಳಿ: ಈಗ, ಈ ಹೊತ್ತಿನಲ್ಲಿ, ವ್ಯಾಸ್ಕುಲರ್ (ರಕ್ತನಾಳದ) ಸರ್ಜನ್ ಬರುತ್ತಾರೆಯೇ? ಕ್ಯಾಥ್‌ಲ್ಯಾಬಿನಲ್ಲಿ ಹೊಟ್ಟೆಯ ನಾಳಗಳ ಕೆಲಸ ಮಾಡುವ ಇಂಟರ್‌ವೆನ್ಷನಲ್ ರೇಡಿಯಾಲಜಿಸ್ಟ್ ಇದ್ದಾರೆಯೇ? ಕರುಳು ಕತ್ತರಿಸಬೇಕಾದರೆ ಗ್ಯಾಸ್ಟ್ರೋ ಸರ್ಜನ್ ಮತ್ತು ಐಸಿಯು ಬೆಡ್ ಇದೆಯೇ? ಮೂರಕ್ಕೂ ‘ಹೌದು’ ಬೇಕು. ಹೃದಯದ ಸ್ಟೆಂಟಿಗೆ ಹೆಸರಾದ ಆಸ್ಪತ್ರೆಯಲ್ಲಿ ಎರಡನೆಯದು ಇರಬಹುದು, ಮೂರನೆಯದು ಇಲ್ಲದಿರಬಹುದು. ಸರ್ಕಾರಿ ವ್ಯವಸ್ಥೆಯಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಜಠರ-ಕರುಳಿನ ಪ್ರತ್ಯೇಕ ಸಂಸ್ಥೆಯೇ ಇದೆ. ವಸಂತನಗರದ ಭಗವಾನ್ ಮಹಾವೀರ ಜೈನ್ ಆಸ್ಪತ್ರೆಯಲ್ಲಿ ರಕ್ತನಾಳಗಳಿಗೇ ಮೀಸಲಾದ ವಿಭಾಗವಿದೆ. ಕರೆ ಮಾಡದೆ ಹೊರಡಬೇಡಿ. ಬೆಡ್ ಇಲ್ಲ ಎಂದು ಗೇಟಿನಿಂದ ತಿರುಗಿದರೆ ಇನ್ನೊಂದು ಗಂಟೆ ಹೋಯಿತು. ಉಸಿರು, ಬಿಪಿ ಏರುಪೇರಾಗಿದ್ದರೆ ಆಟೊ, ಕ್ಯಾಬ್ ಬಿಟ್ಟು 108ಕ್ಕೆ ಕರೆ ಮಾಡಿ. ಹೊರಡುವ ಮುಂಚೆ ಏನನ್ನೂ ತಿನ್ನಿಸಬೇಡಿ, ಕುಡಿಸಬೇಡಿ.

ಬಿಪಿಎಲ್ ಕಾರ್ಡು ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸೌಲಭ್ಯವಿದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30%, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ನೋಂದಾಯಿತ ಖಾಸಗಿ ಆಸ್ಪತ್ರೆಗೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಕೇಳುತ್ತಾರೆ, ತುರ್ತಿಗೆ ಅದು ಬೇಕಾಗುವುದಿಲ್ಲ. ಆಸ್ಪತ್ರೆಯಲ್ಲಿ ಈ ಯೋಜನೆಯ ಸಹಾಯಕರಾದ ಆರೋಗ್ಯಮಿತ್ರರ ಕೌಂಟರಿನಲ್ಲಿ ದಾಖಲಾದ ದಿನವೇ ಹೆಸರು ಬರೆಸಿ.

ಯಾವ ಸ್ಕ್ಯಾನ್

ತುರ್ತಿನಲ್ಲಿ ಇಲ್ಲಿ ಆಯ್ಕೆಯೇ ಇಲ್ಲ: ಸಿಟಿ ಆಂಜಿಯೋಗ್ರಾಮ್. ಸರಿಯಾಗಿ ತೆಗೆದರೆ ತೊಂಬತ್ತಕ್ಕಿಂತ ಹೆಚ್ಚು ಶೇಕಡಾ ರೋಗಿಗಳಲ್ಲಿ ಹಿಡಿಯುತ್ತದೆ, ಕರುಳು ಸತ್ತಿದೆಯೇ ಎಂಬ ಸುಳಿವೂ ಅದರಲ್ಲೇ ಸಿಗುತ್ತದೆ. ‘ಸರಿಯಾಗಿ’ ಎಂಬುದರಲ್ಲಿ ವಿಷಯವಿದೆ. ‘ಸಿಟಿ ಅಬ್ಡಮನ್’ ಎಂದಷ್ಟೇ ಬರೆದ ಚೀಟಿಗೆ ಕೆಲವು ಕಡೆ ಕಾಂಟ್ರಾಸ್ಟ್ (ಡೈ) ಇಲ್ಲದೆ ತೆಗೆದು ಕಳಿಸುತ್ತಾರೆ. ಅದರಲ್ಲಿ ನಾಳ ಮುಚ್ಚಿದ್ದು ಬಹುಪಾಲು ಕಾಣುವುದೇ ಇಲ್ಲ, ‘ಕರುಳಿನಲ್ಲಿ ಗಾಳಿ’ ಎಂದು ರಿಪೋರ್ಟು ಬರುತ್ತದೆ. ಇನ್ನು ಕೆಲವು ಕಡೆ ಒಂದೂವರೆ ಲೀಟರ್ ಔಷಧಿ ನೀರು ಕುಡಿಸಿ ಒಂದು ಗಂಟೆ ಕೂರಿಸುತ್ತಾರೆ. ಅದು ಸಮಯವನ್ನೂ ತಿನ್ನುತ್ತದೆ, ಕರುಳಿನ ಗೋಡೆ ಬಣ್ಣ ಹಿಡಿಯುತ್ತಿದೆಯೇ ಎಂಬುದನ್ನೂ ಮರೆಮಾಡುತ್ತದೆ. ಬೇಕಾದದ್ದು ಬಾಯಿಗೆ ಏನೂ ಕೊಡದೆ, ಮೊಣಕೈ ಹತ್ತಿರದ ದಪ್ಪ ಕ್ಯಾನುಲಾದಲ್ಲಿ, 18 ಅಥವಾ 20 ಗೇಜ್, ಸೆಕೆಂಡಿಗೆ ಸುಮಾರು 4 ಮಿಲಿ ವೇಗದಲ್ಲಿ ಕಾಂಟ್ರಾಸ್ಟ್ ಬಿಟ್ಟು ಎರಡು ಸಲ ತೆಗೆದ ಚಿತ್ರ: ಒಂದು ಅಪಧಮನಿ ತುಂಬಿದಾಗ, ಇನ್ನೊಂದು ಸುಮಾರು 70ನೇ ಸೆಕೆಂಡಿಗೆ ಅಭಿಧಮನಿ ತುಂಬಿದಾಗ. ಎರಡನೆಯದನ್ನು ಬಿಟ್ಟರೆ ಅಭಿಧಮನಿಯ ಹೆಪ್ಪು ತಪ್ಪಿಹೋಗುತ್ತದೆ. ಚೀಟಿಯಲ್ಲಿ ‘ಮೀಸೆಂಟೆರಿಕ್ ಇಸ್ಕೀಮಿಯಾ ಅನುಮಾನ, ಎರಡು ಹಂತದ ಆಂಜಿಯೋಗ್ರಾಮ್’ ಎಂದು ಬರೆಯಲು ಡಾಕ್ಟರನ್ನು ಕೇಳುವುದರಲ್ಲಿ ಸಂಕೋಚವೇನಿಲ್ಲ.

ಕ್ರಿಯಾಟಿನಿನ್ ಹೆಚ್ಚಿದೆ, ಡೈ ಕೊಟ್ಟರೆ ಕಿಡ್ನಿ ಹೋಗುತ್ತದೆ ಎಂದು ಸ್ಕ್ಯಾನ್ ಮುಂದೂಡುವುದು ಸಾಮಾನ್ಯ. ಕರುಳು ಹೋದರೆ ಜೀವವೇ ಹೋಗುತ್ತದೆ. ಕಿಡ್ನಿಗೆ ಡ್ರಿಪ್ ಇದೆ, ಕಡೆಗೆ ಡಯಾಲಿಸಿಸ್ ಇದೆ. ಅನುಮಾನ ಗಟ್ಟಿಯಿದ್ದರೆ ಕ್ರಿಯಾಟಿನಿನ್ ರಿಪೋರ್ಟಿಗೂ ಕಾಯಬಾರದು ಎಂಬುದೇ ಈಗಿನ ಮಾರ್ಗಸೂಚಿಗಳ ನಿಲುವು. ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರು ಅದನ್ನು ನಿಲ್ಲಿಸಿ, 48 ಗಂಟೆ ಬಿಟ್ಟು ಕಿಡ್ನಿ ನೋಡಿ ಮತ್ತೆ ಶುರು ಮಾಡಬೇಕು.

ರಕ್ತಪರೀಕ್ಷೆಗಳ ಮೇಲೆ ಹೆಚ್ಚು ಭರವಸೆ ಬೇಡ. ಆಮ್ಲಜನಕ ಸಾಲದಾದಾಗ ರಕ್ತದಲ್ಲಿ ಹೆಚ್ಚುವ ಲ್ಯಾಕ್ಟೇಟ್ ಏರಿದ್ದರೆ ಅನುಮಾನ ಬಲವಾಗುತ್ತದೆ, ಆದರೆ ನಾರ್ಮಲ್ ಇದ್ದ ಮಾತ್ರಕ್ಕೆ ಕಾಯಿಲೆ ಇಲ್ಲವೆಂದಲ್ಲ. ಮೊದಲ ಗಂಟೆಗಳಲ್ಲಿ ಅದು ನಾರ್ಮಲ್ ಆಗಿಯೇ ಇರಬಹುದು. ಹೆಪ್ಪಿನ ಸುಳಿವು ಕೊಡುವ ಡಿ-ಡೈಮರ್ ಇದಕ್ಕೆ ತಿರುಗುಮುರುಗು: ನಾರ್ಮಲ್ ಇದ್ದರೆ ಸಾಧ್ಯತೆ ಕಡಿಮೆ, ಏರಿದ್ದರೆ ಹೇಳುವುದು ಕಡಿಮೆ. ಅಮೈಲೇಸ್ ಸ್ವಲ್ಪ ಏರಿದ್ದು ನೋಡಿ ಪ್ಯಾಂಕ್ರಿಯಾಟೈಟಿಸ್ ಎಂದು ದಾರಿ ತಪ್ಪುವುದೂ ಇದೆ.

ಡಾಪ್ಲರ್ ತುರ್ತಿಗೆ ಬೇಡ. ಉಬ್ಬಿದ ಕರುಳಿನ ಗಾಳಿಯ ಹಿಂದೆ ನಾಳ ಕಾಣುವುದಿಲ್ಲ, ದೂರದ ಕವಲಿನ ಹೆಪ್ಪಂತೂ ಖಂಡಿತ ಇಲ್ಲ. ದೀರ್ಘಕಾಲದ ಬಗೆಗೆ ಮಾತ್ರ ಅದು ಒಳ್ಳೆಯ ಮೊದಲ ಪರೀಕ್ಷೆ: ಡೈ ಇಲ್ಲ, ವಿಕಿರಣ ಇಲ್ಲ. ಆರರಿಂದ ಎಂಟು ಗಂಟೆ ಖಾಲಿ ಹೊಟ್ಟೆಯಲ್ಲಿ, ಬೆಳಗಿನ ಮೊದಲ ಅಪಾಯಿಂಟ್‌ಮೆಂಟಿಗೆ ಹೋಗಬೇಕು. ಕಾಫಿ ಕುಡಿದು ಹೋದರೆ ಎಸ್‌ಎಂಎ ವೇಗ ತಾನಾಗಿ ಏರಿ ಸುಳ್ಳು ರಿಪೋರ್ಟು ಬರಬಹುದು. ಎಸ್‌ಎಂಎನಲ್ಲಿ ವೇಗ ಸೆಕೆಂಡಿಗೆ 275 ಸೆಂಮೀ, ಸೀಲಿಯಾಕ್‌ನಲ್ಲಿ 200 ಸೆಂಮೀ ದಾಟಿದರೆ 70%ಕ್ಕಿಂತ ಹೆಚ್ಚು ಕಿರಿದಾಗಿದೆ ಎಂದು ಓದುತ್ತಾರೆ. ಡಾಪ್ಲರ್ ಮಾಡುವವರ ಕೈಚಳಕದ ಮೇಲೆ ನಿಂತಿರುವುದರಿಂದ ‘ಮೀಸೆಂಟೆರಿಕ್ ಡಾಪ್ಲರ್ ಮಾಡುತ್ತೀರಾ’ ಎಂದು ಮೊದಲೇ ವಿಚಾರಿಸಿ. ಕಾಲಿನ, ಕುತ್ತಿಗೆಯ ಡಾಪ್ಲರ್ ದಿನವೂ ಮಾಡುವ ಸೆಂಟರಿಗೂ ಇದರ ರೂಢಿ ಇಲ್ಲದಿರಬಹುದು. ಡಾಪ್ಲರ್ ಹೌದೆಂದರೆ ಮುಂದಿನ ಯೋಜನೆಗೆ ಸಿಟಿ ಆಂಜಿಯೋ ಬೇಕೇ ಬೇಕು. ಎಂಆರ್ ಆಂಜಿಯೋ ಅಯೋಡಿನ್ ಡೈಗೆ ತೀವ್ರ ಅಲರ್ಜಿ ಇರುವವರಿಗೆ ಉಳಿದ ದಾರಿ, ತುರ್ತಿಗೆ ನಿಧಾನ.

ತುರ್ತು: ಹೊಟ್ಟೆ ತೆರೆಯುವುದೋ, ಕ್ಯಾಥೆಟರ್ ದಾರಿಯೋ

ಯಾವ ದಾರಿಯಾದರೂ ಮೊದಲ ಅರ್ಧ ಗಂಟೆ ಒಂದೇ: ಆಮ್ಲಜನಕ, ಧಾರಾಳವಾಗಿ ಡ್ರಿಪ್, ಮೂಗಿನಿಂದ ರೈಲ್ಸ್ ಟ್ಯೂಬ್, ವಿಸ್ತಾರ ವ್ಯಾಪ್ತಿಯ ಆಂಟಿಬಯೋಟಿಕ್, ಹೆಪಾರಿನ್. ಕರುಳಿನ ಒಳಪದರ ಹಾಳಾದರೆ ಬ್ಯಾಕ್ಟೀರಿಯಾ ರಕ್ತಕ್ಕೆ ದಾಟುತ್ತವೆ, ಆಂಟಿಬಯೋಟಿಕ್ ಅದಕ್ಕೆ. ಹೆಪಾರಿನ್ ಸಾಮಾನ್ಯ ಲೆಕ್ಕ ಕೆಜಿಗೆ 80 ಯುನಿಟ್ ಒಮ್ಮೆಗೆ, ನಂತರ ಗಂಟೆಗೆ ಕೆಜಿಗೆ 18 ಯುನಿಟ್: 60 ಕೆಜಿಯವರಿಗೆ 4,800, ಆಮೇಲೆ ಗಂಟೆಗೆ 1,080, ರಕ್ತ ಹೆಪ್ಪುಗಟ್ಟುವ ಸಮಯ ಅಳೆಯುವ ಎಪಿಟಿಟಿ ಪರೀಕ್ಷೆ ನೋಡಿ ಹೆಚ್ಚುಕಡಿಮೆ ಮಾಡುತ್ತಾರೆ. ರಕ್ತಸ್ರಾವ ಆಗುತ್ತಿದ್ದರೆ ಮಾತ್ರ ಮರುಯೋಚನೆ. ಬಿಪಿ ಏರಿಸಲು ನಾರ್‌ಅಡ್ರಿನಲಿನ್, ವ್ಯಾಸೊಪ್ರೆಸಿನ್ ಹೆಚ್ಚು ಪ್ರಮಾಣದಲ್ಲಿ ಕೊಟ್ಟರೆ ಕರುಳಿನ ನಾಳಗಳು ಇನ್ನಷ್ಟು ಬಿಗಿಯುತ್ತವೆ, ಹಾಗಾಗಿ ಮೊದಲು ಡ್ರಿಪ್ ತುಂಬಿಸುತ್ತಾರೆ.

ಹೊಟ್ಟೆ ಗಟ್ಟಿಯಾಗಿದ್ದರೆ, ಅಥವಾ ಸ್ಕ್ಯಾನಿನಲ್ಲಿ ಕರುಳಿನ ಗೋಡೆಯೊಳಗೆ ಗಾಳಿ, ತೂತು ಕಂಡರೆ ಚರ್ಚೆ ಮುಗಿಯಿತು, ಹೊಟ್ಟೆ ತೆರೆಯಲೇಬೇಕು. ಆಗ ಕೇಳಬೇಕಾದ ಪ್ರಶ್ನೆ ‘ರಕ್ತ ಹರಿಸುವ ಕೆಲಸವನ್ನೂ ಅದೇ ಆಪರೇಷನ್ನಿನಲ್ಲಿ ಮಾಡುತ್ತೀರಾ?’ ಎಂಬುದು. ಸರಿಯಾದ ಕ್ರಮ ಮೊದಲು ನಾಳ ತೆರೆಯುವುದು, ಕಾಯುವುದು, ಆಮೇಲೆ ಸತ್ತದ್ದನ್ನಷ್ಟೇ ತೆಗೆಯುವುದು. ನಾಳ ಮುಟ್ಟದೆ ಕಪ್ಪಾದ ಕರುಳನ್ನು ಕತ್ತರಿಸಿ ಹೊಲಿದರೆ ಉಳಿದದ್ದೂ ಎರಡು ದಿನದಲ್ಲಿ ಕಪ್ಪಾಗುತ್ತದೆ. ಹಾರಿ ಬಂದ ಹೆಪ್ಪಾದರೆ ಎಸ್‌ಎಂಎ ಸೀಳಿ ತುದಿಯಲ್ಲಿ ಬಲೂನ್ ಇರುವ ಸಣ್ಣ ಕೊಳವೆಯಿಂದ (ಫೊಗಾರ್ಟಿ ಕ್ಯಾಥೆಟರ್) ಎಳೆದು ತೆಗೆಯುತ್ತಾರೆ. ಈ ಹೆಪ್ಪು ಸಾಮಾನ್ಯವಾಗಿ ನಾಳದ ಬುಡ ದಾಟಿ, ಮೊದಲ ಕವಲುಗಳಾಚೆ ಕೂರುವುದರಿಂದ ಸಣ್ಣ ಕರುಳಿನ ಮೊದಲ ಭಾಗ ಉಳಿದಿರುತ್ತದೆ. ಮೊದಲೇ ಕಿರಿದಾಗಿದ್ದ ನಾಳ ಕಟ್ಟಿದ್ದರೆ ಬಲೂನ್ ಸಾಲದು, ಬೈಪಾಸ್ ಬೇಕು, ಇಲ್ಲವೇ ತೆರೆದ ಹೊಟ್ಟೆಯಿಂದಲೇ ಎಸ್‌ಎಂಎ ಒಳಗೆ ಹಿಮ್ಮುಖವಾಗಿ ತಂತಿ ನುಗ್ಗಿಸಿ ಸ್ಟೆಂಟ್ ಹಾಕುವುದು. ಈ ಕೊನೆಯದಕ್ಕೆ ಒಂದೇ ಕೋಣೆಯಲ್ಲಿ ಆಪರೇಷನ್ನೂ ಎಕ್ಸ್‌ರೇಯೂ ಆಗಬೇಕು. ಎಲ್ಲೆಡೆ ಆ ಸೌಲಭ್ಯವಿರುವುದಿಲ್ಲ.

ಹೊಟ್ಟೆ ಮೆತ್ತಗಿದ್ದು, ಸ್ಕ್ಯಾನಿನಲ್ಲಿ ಕರುಳು ಜೀವಂತ ಕಂಡರೆ ನಾಳದೊಳಗೆ ಸಣ್ಣ ಕೊಳವೆ ತೂರಿಸಿ ಮಾಡುವ ಕ್ಯಾಥೆಟರ್ ದಾರಿ ತೆರೆದಿದೆ: ಹೆಪ್ಪನ್ನು ಹೀರಿ ತೆಗೆಯುವುದು, ಉಳಿದದ್ದಕ್ಕೆ ಕರಗಿಸುವ ಔಷಧಿ, ಕಿರಿದಾದ ಬುಡಕ್ಕೆ ಸ್ಟೆಂಟ್. ಲಾಭ ಸ್ಪಷ್ಟ: ಗಾಯ ಚಿಕ್ಕದು, ಹೃದಯ ದುರ್ಬಲವಿರುವವರು ತಡೆದುಕೊಳ್ಳುತ್ತಾರೆ. ಅಪಾಯವೂ ಸ್ಪಷ್ಟ: ಕರುಳನ್ನು ಕಣ್ಣಾರೆ ನೋಡಿರುವುದಿಲ್ಲ. ಮಾಡಿದ ಮೇಲೆ ನೋವು, ಲ್ಯಾಕ್ಟೇಟ್ ಇಳಿಯದಿದ್ದರೆ ಅದೇ ದಿನ ಹೊಟ್ಟೆ ತೆರೆದು ನೋಡಲು ಸರ್ಜನ್ ಸಿದ್ಧವಿರಬೇಕು. ಸರ್ಜನ್ ಇಲ್ಲದ ಕಡೆ ಕ್ಯಾಥೆಟರ್ ದಾರಿಗೆ ಒಪ್ಪದಿರುವುದೇ ಮೇಲು.

ಮನೆಯವರು ಹೆಚ್ಚು ಗಾಬರಿಯಾಗುವುದು 24ರಿಂದ 48 ಗಂಟೆಯೊಳಗೆ ‘ಮತ್ತೊಮ್ಮೆ ಹೊಟ್ಟೆ ತೆರೆಯುತ್ತೇವೆ’ ಎಂದಾಗ. ಮೊದಲ ಆಪರೇಷನ್ ಕೆಟ್ಟಿದ್ದಕ್ಕೆ ಹಾಗೆ ಮಾಡುತ್ತಾರೆ ಎಂದುಕೊಳ್ಳಬೇಡಿ. ಅನುಮಾನದ ಭಾಗ ಚೇತರಿಸಿಕೊಳ್ಳಲಿ ಎಂದು ಕತ್ತರಿಸದೆ ಬಿಟ್ಟಿರುತ್ತಾರೆ, ಎರಡನೇ ನೋಟ ಅದಕ್ಕೆ. ಒಂದೇ ಸಲಕ್ಕೆ ಮುಗಿಸಲು ಹೋದರೆ ಉಳಿಯಬಹುದಾಗಿದ್ದ ಕರುಳೂ ಕಸಕ್ಕೆ ಹೋಗುತ್ತದೆ. ಸಣ್ಣ ಕರುಳು 200 ಸೆಂಮೀಗಿಂತ ಕಡಿಮೆ ಉಳಿದರೆ ಊಟದಿಂದ ಪೋಷಣೆ ಸಾಲದೆ ರಕ್ತನಾಳದ ಮೂಲಕ ಆಹಾರ ಬೇಕಾಗಬಹುದು. ಡಿಸ್ಚಾರ್ಜ್ ಸಮ್ಮರಿಯಲ್ಲಿ ‘ಎಷ್ಟು ತೆಗೆದೆವು’ ಎಂಬುದಕ್ಕಿಂತ ‘ಎಷ್ಟು ಉಳಿದಿದೆ’ ಎಂದು ಸೆಂಟಿಮೀಟರಿನಲ್ಲಿ ಬರೆಸಿಕೊಳ್ಳಿ.

ಅಭಿಧಮನಿಯ ಹೆಪ್ಪಿಗೆ ಹೆಚ್ಚಿನವರಲ್ಲಿ ಹೆಪಾರಿನ್ನೇ ಚಿಕಿತ್ಸೆ, ಆಪರೇಷನ್ ಕರುಳು ಸತ್ತರೆ ಮಾತ್ರ. ನಾಳ ಬಿಗಿದುಕೊಂಡ ಬಗೆಯಲ್ಲಿ ಮೂಲ ಕಾರಣ ಸರಿಪಡಿಸುವುದು ಮುಖ್ಯ, ಜೊತೆಗೆ ಕ್ಯಾಥೆಟರಿನಲ್ಲಿ ಪಪಾವರಿನ್‌ನಂಥ ನಾಳ ಸಡಿಲಿಸುವ ಔಷಧಿ.

ದೀರ್ಘಕಾಲದ ಬಗೆ: ಸ್ಟೆಂಟೋ ಬೈಪಾಸೋ

ಯೋಚಿಸಲು ಕೆಲವು ದಿನ ಸಿಗುವುದು ಇಲ್ಲಿ ಮಾತ್ರ. ತಿಂಗಳುಗಳಲ್ಲ, ಕಿರಿದಾದ ನಾಳ ಯಾವಾಗ ಬೇಕಾದರೂ ಪೂರ್ತಿ ಕಟ್ಟಬಹುದು. ನೋವು, ತೂಕ ಇಳಿಕೆ ಎರಡೂ ಇದ್ದು ಮೂರರಲ್ಲಿ ಎರಡು ನಾಳ ಕಿರಿದಾಗಿದ್ದರೆ, ಅಥವಾ ಎಸ್‌ಎಂಎ ಒಂದೇ ತೀವ್ರವಾಗಿ ಕಿರಿದಾಗಿದ್ದರೆ, ಚಿಕಿತ್ಸೆ ಬೇಕು. ಬೇರೆ ಯಾವುದಕ್ಕೋ ತೆಗೆದ ಸ್ಕ್ಯಾನಿನಲ್ಲಿ ಒಂದು ನಾಳ ಕಿರಿದಾಗಿ ಕಂಡು, ಚೆನ್ನಾಗಿ ಉಂಡು ತಿರುಗಾಡುತ್ತಿರುವವರಿಗೆ ಸ್ಟೆಂಟ್ ಬೇಡ. ಸ್ಟ್ಯಾಟಿನ್, ಆಸ್ಪಿರಿನ್, ಬೀಡಿ ಬಿಡುವುದು, ಅಷ್ಟೇ. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಬ್ಲಾಕ್ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಸ್ಟೆಂಟ್ ಹಾಕಿಸಿಬಿಡೋಣ ಎನ್ನುವ ಆತುರ ನಮ್ಮ ಊರಿನಲ್ಲಿ ರೋಗಿ, ಡಾಕ್ಟರು ಎರಡೂ ಕಡೆ ಇದೆ.

ಸ್ಟೆಂಟಿಗೆ ತೊಡೆಸಂದಿನಿಂದ ಅಥವಾ ಎಡಗೈಯಿಂದ ಹೋಗುತ್ತಾರೆ. ಎಸ್‌ಎಂಎ ಕೆಳಮುಖವಾಗಿ ಹೊರಡುವುದರಿಂದ ಮೇಲಿನಿಂದ, ಅಂದರೆ ಕೈಯಿಂದ, ಇಳಿಯುವುದು ಹಲವು ಸಲ ಸಲೀಸು. ಆದರೆ ಕೈಯ ನಾಳ ಚಿಕ್ಕದು, ಚುಚ್ಚಿದ ಜಾಗದಲ್ಲಿ ರಕ್ತ ಕಟ್ಟುವ ತೊಂದರೆ ಹೆಚ್ಚು. ಮರಗಟ್ಟಿಸುವ ಇಂಜೆಕ್ಷನ್ ಸಾಕು, ಒಂದೆರಡು ದಿನದಲ್ಲಿ ಮನೆ. ದೌರ್ಬಲ್ಯವೆಂದರೆ ಮತ್ತೆ ಕಿರಿದಾಗುವುದು: ಕೆಲವು ವರ್ಷಗಳಲ್ಲಿ 20ರಿಂದ 40% ರೋಗಿಗಳಲ್ಲಿ ಹೀಗಾಗುತ್ತದೆ. ಬರಿಯ ಲೋಹದ ಜಾಲರಿಗಿಂತ ಹೊದಿಕೆಯಿರುವ ಸ್ಟೆಂಟ್ ಎಸ್‌ಎಂಎನಲ್ಲಿ ಹೆಚ್ಚು ಕಾಲ ತೆರೆದಿರುತ್ತದೆ. ಬೆಲೆ ಜಾಸ್ತಿ, ಆದರೂ ಆಯ್ಕೆ ಇದ್ದರೆ ಅದನ್ನೇ ಕೇಳಿ. ಬರಿ ಬಲೂನಿನಿಂದ ಅಗಲಿಸಿ ಬಿಡುವುದು ನಾಳದ ಬುಡದಲ್ಲಿ ಕೂತ ಗಟ್ಟಿ ಸುಣ್ಣದೆದುರು (ಕ್ಯಾಲ್ಸಿಯಂ) ನಿಲ್ಲುವುದಿಲ್ಲ.

ಬೈಪಾಸಿನಲ್ಲಿ ಮಹಾಪಧಮನಿಯಿಂದ ಅಥವಾ ಸೊಂಟದ ಅಪಧಮನಿಯಿಂದ ಎಸ್‌ಎಂಎಗೆ ಹೊಸ ಕೊಳವೆ ಜೋಡಿಸುತ್ತಾರೆ. ಸಾಮಾನ್ಯವಾಗಿ ಡೇಕ್ರಾನ್ ಎಂಬ ಕೃತಕ ನೂಲಿನ ಕೊಳವೆ. ಕರುಳು ಒಡೆದು ಸೋಂಕಿನ ಭಯವಿದ್ದರೆ ಕಾಲಿನ ರಕ್ತನಾಳ. ಸೊಂಟದಿಂದ ಮೇಲಕ್ಕೆ ಹೋಗುವ ಕೊಳವೆ ಕರುಳನ್ನು ಅದರ ಜಾಗಕ್ಕೆ ಮರಳಿಸಿದಾಗ ಮಡಚಿಕೊಳ್ಳಬಹುದು, ಹಾಗಾಗದಂತೆ ಕಮಾನಿನ ಹಾಗೆ ತಿರುಗಿಸಿ ಕೂರಿಸುತ್ತಾರೆ. ಸಲೀಸಾಗಿ ಕಳೆದರೂ ಒಂದು ವಾರ, ಹತ್ತು ದಿನದ ಆಸ್ಪತ್ರೆ ವಾಸ, ಹೃದಯ-ಶ್ವಾಸಕೋಶದ ತೊಂದರೆಯ ಅಪಾಯ ಸ್ಟೆಂಟಿಗಿಂತ ಬಹಳ ಹೆಚ್ಚು. ಆದರೆ ಒಮ್ಮೆ ಕೂತರೆ ಬೈಪಾಸ್ ಹೆಚ್ಚು ವರ್ಷ ನಿಲ್ಲುತ್ತದೆ.

ಹಾಗಾದರೆ ಯಾರಿಗೆ ಯಾವುದು? ಎಪ್ಪತ್ತು ದಾಟಿ, ಹೃದಯವೂ ದುರ್ಬಲವಾಗಿ, ಮೈ ಸೊರಗಿದವರಿಗೆ ಸ್ಟೆಂಟ್, ಎರಡು ಮಾತಿಲ್ಲ. ಐವತ್ತೈದರ ಗಟ್ಟಿಮುಟ್ಟಾದವರು, ನಾಳ ಉದ್ದಕ್ಕೂ ಸುಣ್ಣಗಟ್ಟಿ ಮುಚ್ಚಿರುವವರು, ಸ್ಟೆಂಟ್ ಎರಡು ಸಲ ಸೋತವರು ಬೈಪಾಸ್ ಬಗ್ಗೆ ಗಂಭೀರವಾಗಿ ಕೇಳಬೇಕು. ನಡುವಿನವರಿಗೆ ಮೊದಲು ಸ್ಟೆಂಟ್ ಎಂಬುದೇ ಈಗಿನ ರೂಢಿ, ನಮ್ಮ ಒಲವೂ ಅತ್ತಲೇ: ತೂಕ ಮರಳಿ ಬಂದ ಮೇಲೆ ಬೈಪಾಸ್ ಬೇಕಾದರೂ ದೇಹ ತಡೆಯುತ್ತದೆ. ಮೊದಲು ಡ್ರಿಪ್ ಪೋಷಣೆ ಕೊಟ್ಟು ಮೈ ತುಂಬಿಸಿ ಆಮೇಲೆ ನಾಳ ಎನ್ನುವ ಕ್ರಮ ಕೇಳಲು ಚೆನ್ನ, ಆದರೆ ವಾರಗಳು ಕಳೆಯುತ್ತವೆ, ಅಷ್ಟರಲ್ಲಿ ನಾಳ ಕಟ್ಟಿಕೊಳ್ಳಬಹುದು.

ಎರಡು ಗುಂಪುಗಳು ಈ ಲೆಕ್ಕಕ್ಕೆ ಹೊರಗೆ. ಮೂವತ್ತರ ಹೆಣ್ಣುಮಗಳು, ಒಂದು ಕೈಯಲ್ಲಿ ನಾಡಿ ಸಿಗುತ್ತಿಲ್ಲ, ಉರಿಯೂತ ತೋರಿಸುವ ರಕ್ತಪರೀಕ್ಷೆ ಇಎಸ್‌ಆರ್ ಏರಿದೆ ಎಂದರೆ ಟಕಯಾಸು, ಅಂದರೆ ದೊಡ್ಡ ಅಪಧಮನಿಗಳ ಗೋಡೆಯ ಉರಿಯೂತದ ಕಾಯಿಲೆ, ಇರಬಹುದು, ನಮ್ಮ ದೇಶದಲ್ಲಿ ಇದು ಅಪರಿಚಿತವಲ್ಲ. ಉರಿಯೂತ ಇಳಿಸುವ ಮೊದಲು ಸ್ಟೆಂಟ್ ಹಾಕಿದರೆ ಬೇಗ ಮುಚ್ಚಿಕೊಳ್ಳುತ್ತದೆ, ತುರ್ತಲ್ಲದಿದ್ದರೆ ರುಮಟಾಲಜಿಸ್ಟ್ ಮೊದಲು. ಇನ್ನೊಂದು, ತೆಳ್ಳಗಿನ ಯುವಜನರಲ್ಲಿ ವಪೆಯ ಪಟ್ಟಿ ಸೀಲಿಯಾಕ್ ಮೇಲೆ ಒತ್ತಿಕೊಂಡಿರುವುದು. ಉಸಿರು ಬಿಟ್ಟಾಗ ಕಿರಿದು, ಎಳೆದುಕೊಂಡಾಗ ಅಗಲ. ಪಟ್ಟಿ ಬಿಡಿಸದೆ ಸ್ಟೆಂಟ್ ಹಾಕಿದರೆ ಅದು ಜಜ್ಜಿಹೋಗುತ್ತದೆ. ಲ್ಯಾಪರೋಸ್ಕೋಪಿಯಲ್ಲಿ ಪಟ್ಟಿ ಕತ್ತರಿಸುವುದು ಸರಿಯಾದ ದಾರಿ, ಅದೂ ಬೇರೆ ಕಾರಣಗಳನ್ನೆಲ್ಲ ಹುಡುಕಿ ಮುಗಿದ ಮೇಲೆ. ಏಕೆಂದರೆ ಈ ಒತ್ತಡ ಯಾವ ತೊಂದರೆಯೂ ಇಲ್ಲದ ಎಷ್ಟೋ ಜನರಲ್ಲಿ ಇರುತ್ತದೆ.

ರಕ್ತ ತೆಳು ಮಾಡುವ ಮಾತ್ರೆ

ಹೃದಯದಿಂದ ಹೆಪ್ಪು ಬಂದವರಿಗೆ ಇದು ಬಹುಪಾಲು ಜೀವನಪೂರ್ತಿ. ರುಮ್ಯಾಟಿಕ್ ಮೈಟ್ರಲ್ ಕವಾಟ ಕಿರಿದಾದವರಿಗೆ, ಲೋಹದ ಕವಾಟ ಇರುವವರಿಗೆ ವಾರ್ಫರಿನ್ ಅಥವಾ ಅಸಿಟ್ರೋಮ್ ಗುಂಪಿನ ಹಳೆಯ ಮಾತ್ರೆಯೇ ಸರಿ. ‘ಟೆಸ್ಟ್ ಬೇಡದ ಹೊಸ ಮಾತ್ರೆ’ಗೆ ಬದಲಾಯಿಸಿಕೊಳ್ಳಬೇಡಿ. ರುಮ್ಯಾಟಿಕ್ ಹೃದ್ರೋಗಿಗಳಲ್ಲಿ ಹೊಸ ಮಾತ್ರೆಯಾದ ರಿವರಾಕ್ಸಬಾನ್‌ಗಿಂತ ಹಳೆಯದೇ ಮೇಲು ಎಂದು 2022ರ ದೊಡ್ಡ ಅಧ್ಯಯನವೊಂದು ತೋರಿಸಿತು. ರಕ್ತ ಎಷ್ಟು ತೆಳುವಾಗಿದೆ ಎಂದು ಅಳೆಯುವ ಐಎನ್‌ಆರ್ 2ರಿಂದ 3ರ ನಡುವೆ ಇರಬೇಕು, ಲೋಹದ ಮೈಟ್ರಲ್ ಕವಾಟಕ್ಕೆ 2.5ರಿಂದ 3.5. ಸೊಪ್ಪು ಪೂರ್ತಿ ಬಿಡಬೇಕಿಲ್ಲ. ವಾರವೆಲ್ಲ ಬಿಟ್ಟು ಭಾನುವಾರ ಮಸೊಪ್ಪು ಸಾರು ತಟ್ಟೆ ತುಂಬ ಉಂಡರೆ ಐಎನ್‌ಆರ್ ಬೀಳುತ್ತದೆ. ದಿನವೂ ಹೆಚ್ಚುಕಡಿಮೆ ಅಷ್ಟೇ ಉಂಡರೆ ಡೋಸು ಅದಕ್ಕೆ ಹೊಂದಿಕೊಳ್ಳುತ್ತದೆ.

ಕವಾಟದ ತೊಂದರೆ ಇಲ್ಲದ ಏಟ್ರಿಯಲ್ ಫಿಬ್ರಿಲೇಷನ್‌ಗೆ ಅಪಿಕ್ಸಬಾನ್, ರಿವರಾಕ್ಸಬಾನ್, ಡಾಬಿಗಟ್ರಾನ್ ಅನುಕೂಲ. ಅಪಿಕ್ಸಬಾನ್ 5 ಮಿಗ್ರಾಂ ದಿನಕ್ಕೆ ಎರಡು ಸಲ. ವಯಸ್ಸು 80 ಅಥವಾ ಹೆಚ್ಚು, ತೂಕ 60 ಕೆಜಿ ಅಥವಾ ಕಡಿಮೆ, ಕ್ರಿಯಾಟಿನಿನ್ 1.5 ಅಥವಾ ಹೆಚ್ಚು, ಈ ಮೂರರಲ್ಲಿ ಎರಡಿದ್ದರೆ 2.5. ರಿವರಾಕ್ಸಬಾನ್ 20 ಮಿಗ್ರಾಂ ಊಟದ ಜೊತೆಗೇ, ಖಾಲಿ ಹೊಟ್ಟೆಯಲ್ಲಿ ಪೂರ್ತಿ ಹೀರಿಕೊಳ್ಳುವುದಿಲ್ಲ. ಕಿಡ್ನಿ ಕುಂದಿದ್ದರೆ ಡೋಸು ಇಳಿಸುತ್ತಾರೆ. ಆದರೆ ಸಣ್ಣ ಕರುಳು ಉದ್ದಕ್ಕೆ ತೆಗೆದವರಲ್ಲಿ ಮಾತ್ರೆ ಎಷ್ಟು ರಕ್ತಕ್ಕೆ ಸೇರಿತು ಎಂಬುದೇ ಅನುಮಾನ. ಐಎನ್‌ಆರ್‌ನಲ್ಲಿ ಅಳೆದು ನೋಡಬಹುದಾದ ವಾರ್ಫರಿನ್, ಅಥವಾ ಚರ್ಮದಡಿ ಚುಚ್ಚುವ ಹೆಪಾರಿನ್, ಅವರಿಗೆ ನಂಬಿಕೆಯ ದಾರಿ. ಆಸ್ಪಿರಿನ್ ಇವುಗಳ ಬದಲಿಗೆ ನಿಲ್ಲುವುದಿಲ್ಲ. ಹಲ್ಲು ಕೀಳಿಸಲು ಮಾತ್ರೆ ನಿಲ್ಲಿಸಿ ವಾರಗಟ್ಟಲೆ ಮರೆತುಬಿಡುವವರಲ್ಲಿ ಎರಡನೇ ಹೆಪ್ಪು ಹಾರುವುದುಂಟು. ನಿಲ್ಲಿಸುವ ಮುಂಚೆ ಬರೆದುಕೊಟ್ಟ ಡಾಕ್ಟರನ್ನೇ ಕೇಳಿ.

ಅಭಿಧಮನಿಯ ಹೆಪ್ಪಿಗೆ ಕಾರಣ ತಾತ್ಕಾಲಿಕವಾದರೆ ಮೂರರಿಂದ ಆರು ತಿಂಗಳು, ರಕ್ತದ ಹುಟ್ಟುಗುಣವಾದರೆ ದೀರ್ಘಕಾಲ. ದೇಹದ ಪ್ರತಿಕಾಯಗಳೇ ರಕ್ತ ಹೆಪ್ಪುಗಟ್ಟಿಸುವ ಆಂಟಿಫಾಸ್ಫೋಲಿಪಿಡ್ ಕಾಯಿಲೆ ಎಂದು ಗೊತ್ತಾದರೆ ಅಲ್ಲೂ ವಾರ್ಫರಿನ್ನೇ.

ಸ್ಟೆಂಟ್ ಹಾಕಿಸಿಕೊಂಡವರಿಗೆ ಆಸ್ಪಿರಿನ್ ಮತ್ತು ಕ್ಲೊಪಿಡೊಗ್ರೆಲ್ 75 ಮಿಗ್ರಾಂ ಎರಡೂ ಒಂದರಿಂದ ಮೂರು ತಿಂಗಳು, ಆಮೇಲೆ ಒಂದು ಮಾತ್ರ. ಮೊದಲ ಡಾಪ್ಲರ್ ಒಂದು ತಿಂಗಳೊಳಗೆ ಮಾಡಿಸಿ. ಅದೇ ನಿಮ್ಮ ಅಳತೆಗೋಲು. ಸ್ಟೆಂಟಿನೊಳಗೆ ರಕ್ತದ ವೇಗ ಸಹಜವಾಗಿಯೇ ಹೆಚ್ಚಿರುತ್ತದೆ, 275 ದಾಟಿತೆಂದು ಗಾಬರಿಯಾಗಬೇಕಿಲ್ಲ. ಮೊದಲ ಸಂಖ್ಯೆಗಿಂತ ಏರುತ್ತಿದೆಯೇ ಎಂಬುದು ಪ್ರಶ್ನೆ. ನಂತರ ಎರಡು ವರ್ಷ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ, ಸಾಧ್ಯವಾದರೆ ಅದೇ ಸೆಂಟರಿನಲ್ಲಿ, ಹಳೆಯ ರಿಪೋರ್ಟುಗಳನ್ನೆಲ್ಲ ಹಿಡಿದುಕೊಂಡು. ಅದರ ನಡುವೆ ಊಟದ ನಂತರದ ನೋವು ಮರಳಿದರೆ ಮುಂದಿನ ತಾರೀಖಿಗೆ ಕಾಯದೆ ಹೋಗಿ.